ಪರ್ಷಿಯನ್ ಬೆಕ್ಕಿನ ಕೂದಲು ಬೋಳಿಸೋದಾ, ಬಾಚ್ಕೊಂಡೇ ಇರೋದಾ?

ಬೇಸಿಗೆ ಶುರುವಾಯ್ತು ಅಂದ್ರೆ ಬೆಂಗಳೂರಲ್ಲಿ ಪರ್ಷಿಯನ್ ಸಾಕಿರೋರೆಲ್ಲ ಕೇಳೋದು ಒಂದೇ ಮಾತು, ಮನೆ ತುಂಬಾ ಕೂದಲು, ಸೋಫಾ ಮೇಲೆ ಕೂದಲು, ಒಗೆದು ಮಡಚಿಟ್ಟ ಬಟ್ಟೆ ಮೇಲೂ ಕೂದಲು, ಅತ್ತೆ ಬೇರೆ ಸಾರಲ್ಲಿ ಕೂದಲು ಸಿಕ್ತು ಅಂತ ಮುಖ ಊದಿಸ್ಕೊಂಡು ಕೂತಿದ್ದಾರೆ, ಒಂದ್ಸಲ ಪೂರ್ತಿ ಶೇವ್ ಮಾಡ್ಸಿಬಿಟ್ರೆ ಈ ಕಾಟ ತಪ್ಪುತ್ತಾ ಅಂತ.

ನನ್ನ ಉತ್ತರ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಓದೋರು ಓದಿ. ಉದುರೋದು ಕಮ್ಮಿ ಆಗ್ಲಿ ಅಂತ ಶೇವ್ ಮಾಡಿಸ್ತಿದ್ರೆ ಬೇಡ, ದುಡ್ಡೂ ದಂಡ ಬೆಕ್ಕಿಗೂ ಹಿಂಸೆ. ಕೂದಲು ಜಡೆಗಟ್ಟಿ ಚರ್ಮ ಎಳೀತಿದೆ ಅಂತಾದ್ರೆ ಮಾಡ್ಸಿ, ಅದೂ ಡಾಕ್ಟರ್ ಹತ್ರ. ಇವೆರಡರ ಮಧ್ಯೆ ಇನ್ನೂ ಕೆಲವು ದಾರಿ ಇವೆ, ಜನ ಅವನ್ನ ಯೋಚ್ನೆನೇ ಮಾಡಲ್ಲ, ಇರೋದು ಬೋಳು ಇಲ್ಲಾ ಕಾಡು ಎರಡೇ ಅನ್ನೋ ತರ ಮಾತಾಡ್ತಾರೆ.

ಶೇವ್ ಮಾಡಿದ್ರೂ ಯಾಕೆ ಉದುರುತ್ತೆ

ಕೂದಲು ಉದುರೋದು ಬುಡದಿಂದ, ಟ್ರಿಮ್ಮರ್ ಕತ್ತರಿಸೋದು ಮೇಲಿಂದ, ವಿಷಯ ಇಷ್ಟೇ. ಒಂದೊಂದು ಕೂದಲಿಗೂ ಅದರದ್ದೇ ಲೆಕ್ಕ ಇರುತ್ತೆ, ಸ್ವಲ್ಪ ಕಾಲ ಬೆಳೆಯುತ್ತೆ, ಆಮೇಲೆ ಬೆಳೆಯೋದು ನಿಲ್ಲಿಸಿ ಸುಮ್ಮನೆ ಕೂತಿರುತ್ತೆ, ಕೆಳಗಿಂದ ಹೊಸದು ಬರೋ ಹೊತ್ತಿಗೆ ಹಳೇದು ಬಿದ್ದೋಗುತ್ತೆ. ಮೇಲೆ ಬ್ಲೇಡ್ ಆಡಿಸಿದ್ದು ಬುಡಕ್ಕೆ ಗೊತ್ತೇ ಆಗಲ್ಲ. ಮೊದಲು ಮೂರು ಇಂಚಿನ ಕೂದಲು ಬೀಳ್ತಿತ್ತು, ಈಗ ಕಾಲಿಂಚಿನದು ಬೀಳುತ್ತೆ, ಎಣಿಸಿದ್ರೆ ಅಷ್ಟೇ ಕೂದಲು.

ಮೊದಮೊದಲು ಮನೆ ಕ್ಲೀನಾಗಿ ಕಾಣುತ್ತೆ, ಅದು ಸುಳ್ಳಲ್ಲ. ಬೀಳೋದು ಗಿಡ್ಡ ಇರೋದ್ರಿಂದ ಕಣ್ಣಿಗೆ ಬೀಳಲ್ಲ. ಆದ್ರೆ ಉದ್ದ ಕೂದಲಿಗೆ ಒಂದು ಒಳ್ಳೇ ಗುಣ ಇದೆ, ಫ್ಯಾನ್ ಗಾಳಿಗೆ ಉರುಳಿ ಉರುಳಿ ಒಂದಕ್ಕೊಂದು ಸುತ್ಕೊಂಡು ಮಂಚದ ಕೆಳಗೋ ಬಾಗಿಲ ಸಂದಿಗೋ ಹೋಗಿ ಉಂಡೆ ಆಗಿ ಕೂತಿರುತ್ತೆ, ಪೊರಕೆ ಹಾಕಿದ್ರೆ ಒಂದೇ ಸಲಕ್ಕೆ ಬಂತು. ಗಿಡ್ಡ ಕೂದಲು ಹಾಗಲ್ಲ, ಸೋಫಾ ಬಟ್ಟೆಗೆ, ಸ್ವೆಟರ್‌ಗೆ, ಕಾರ್ ಸೀಟಿಗೆ ನೆಟ್ಟಗೆ ಚುಚ್ಕೊಂಡು ನಿಂತಿರುತ್ತೆ, ಅಂಟು ರೋಲರ್ ಉರುಳಿಸಿದ್ರೂ ಅರ್ಧ ಅಲ್ಲೇ, ಉಗುರಲ್ಲಿ ಕಿತ್ತು ತೆಗೀಬೇಕು. ಕಪ್ಪು ಪ್ಯಾಂಟ್ ಹಾಕ್ಕೊಂಡು ಆಫೀಸಿಗೆ ಹೋಗೋರು ಇದನ್ನ ಸ್ವಲ್ಪ ಯೋಚ್ನೆ ಮಾಡಿ.

ಇನ್ನೊಂದು ವಿಷಯ, ಬೆಕ್ಕು ಕೂದಲು ಬದಲಾಯಿಸೋದನ್ನ ಮುಖ್ಯವಾಗಿ ನಡೆಸೋದು ಬೆಳಕು, ಹಗಲು ಎಷ್ಟುದ್ದ ಅನ್ನೋದು. ಯೂರೋಪ್ ಕಡೆ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಅಜಗಜಾಂತರ, ಅಲ್ಲಿ ಹೊರಗೆ ಓಡಾಡೋ ಬೆಕ್ಕು ವಸಂತಕ್ಕೊಂದ್ಸಲ, ಚಳಿಗೆ ಮುಂಚೆ ಒಂದ್ಸಲ ಜೋರಾಗಿ ಉದುರಿಸಿ ಮುಗಿಸುತ್ತೆ. ಬೆಂಗಳೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ, ಅದರ ಮೇಲೆ ಫ್ಲಾಟಲ್ಲಿ ರಾತ್ರಿ ಹನ್ನೊಂದರ ತನಕ ಲೈಟು ಟಿವಿ ಎಲ್ಲ ಉರೀತಿರುತ್ತೆ, ಹಾಗಾಗಿ ನಮ್ಮ ಮನೆಯೊಳಗಿನ ಬೆಕ್ಕುಗಳು ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉದುರಿಸ್ತಾನೇ ಇರ್ತವೆ. ಬೇಸಿಗೆಲಿ ಒಂದ್ಸಲ ಬೋಳಿಸಿದ್ರೆ ಸೀಸನ್ ಮುಗೀತು ಅನ್ನೋ ಹಾಗಿಲ್ಲ, ಇಲ್ಲಿ ಸೀಸನ್ ಅನ್ನೋದೇ ಸರಿಯಾಗಿಲ್ಲ.

ನಿಮ್ಮ ಬೆಕ್ಕಿನ ಕೂದಲು ಎಂಥದ್ದು

ನಮ್ಮ ಕಡೆ ಉದ್ದ ಕೂದಲ ಬೆಕ್ಕು ಅಂದ್ರೆ ಹೆಚ್ಚಾಗಿ ಪರ್ಷಿಯನ್ನೇ. ಮಾರೋರು ಪಂಚ್ ಫೇಸ್ (ಮೂಗು ಒಳಗೆ ಹೋದ ಚಪ್ಪಟೆ ಮುಖ), ಸೆಮಿ ಪಂಚ್, ಡಾಲ್ ಫೇಸ್ (ಮೂಗು ಎದ್ದಿರೋ ಮುಖ) ಅಂತ ಮುಖ ನೋಡಿ ರೇಟ್ ಹಾಕ್ತಾರೆ, ಮೇಲಿಂದ ಟ್ರಿಪಲ್ ಕೋಟ್ ಸಾರ್ ಅಂತ ಇನ್ನೊಂದಿಷ್ಟು ಸೇರಿಸ್ತಾರೆ, ಆ ಕೋಟನ್ನ ದಿನಾ ಬಾಚೋದು ಯಾರು ಅಂತ ಮಾತ್ರ ಹೇಳಿ ಕಳಿಸಲ್ಲ. ಪರ್ಷಿಯನ್‌ನಲ್ಲಿ ಮೇಲಿನ ಗಟ್ಟಿ ಕೂದಲಿನ ಕೆಳಗೆ ಹತ್ತಿ ತರದ ಒಳಗೂದಲು ದಟ್ಟವಾಗಿ ಉದ್ದಕ್ಕೆ ಇರುತ್ತೆ, ಸಿಕ್ಕಾಗೋದೂ ಜಡೆಗಟ್ಟೋದೂ ಇದರಿಂದಾನೇ. ರ‍್ಯಾಗ್‌ಡಾಲ್‌ಗೆ ಒಳಗೂದಲು ಕಮ್ಮಿ, ಮೇನ್ ಕೂನ್ ಕೂದಲು ಸ್ವಲ್ಪ ನುಣುಪು, ಈ ಎರಡು ತಳಿಗಳಿಗೆ ವಾರಕ್ಕೆ ಎರಡ್ಮೂರು ಸಲ ಬಾಚಿದ್ರೆ ನಡೆಯುತ್ತೆ. ಪರ್ಷಿಯನ್‌ಗೆ ದಿನಾ ಬೇಕು, ದಿನ ಬಿಟ್ಟು ದಿನ ಅಂದ್ರೂ ಪರವಾಗಿಲ್ಲ, ಭಾನುವಾರ ಮಾತ್ರ ಅಂದ್ರೆ ಆಗಲ್ಲ.

ಬಾಚೋದು, ಸರಿಯಾಗಿ ಬಾಚೋದು

ದಿನಾ ಬಾಚ್ತೀವಿ ಆದ್ರೂ ಉದುರುತ್ತೆ, ಗಂಟಾಗುತ್ತೆ ಅನ್ನೋರ ಮನೇಲಿ ನೋಡಿದ್ರೆ ಬೆನ್ನ ಮೇಲೆ ಮೆತ್ತನೆ ಬ್ರಷ್ ಸವರ್ತಿರ್ತಾರೆ, ಮೇಲೆ ಪಳಪಳ ಅಂತಿರುತ್ತೆ, ಕೆಳಗೆ ಬೆರಳು ಹಾಕಿದ್ರೆ ಕಂಬಳಿ. ಬ್ರಷ್ ಮೇಲಿನ ಕೂದಲನ್ನ ಮಾತ್ರ ಮುಟ್ಟಿ ಜಾರ್ಕೊಂಡು ಹೋಗುತ್ತೆ. ಬೇಕಾಗಿರೋದು ಸ್ಟೀಲ್ ಬಾಚಣಿಗೆ, ಅರ್ಧ ಭಾಗ ಹಲ್ಲು ಅಗಲ, ಅರ್ಧ ಭಾಗ ಒತ್ತು ಇರೋ ತರದ್ದು. ಕೆಲವು ನೂರು ರೂಪಾಯಿ, ಒಂದ್ಸಲ ತಗೊಂಡ್ರೆ ಬೆಕ್ಕಿನ ಆಯಸ್ಸು ಪೂರ್ತಿ ಬರುತ್ತೆ.

ಅಮ್ಮಂದಿರು ಜಡೆ ಹಾಕೋಕೆ ಮುಂಚೆ ಬೈತಲೆ ತೆಗೀತಾರಲ್ಲ ಹಾಗೆ ಒಂದು ಕೈಯಲ್ಲಿ ಕೂದಲನ್ನ ಮೇಲಕ್ಕೆ ಎತ್ತಿ ಹಿಡ್ಕೊಂಡು, ಚರ್ಮದ ಗೆರೆ ಕಾಣ್ಬೇಕು, ಅಲ್ಲಿಂದ ಸ್ವಲ್ಪ ಸ್ವಲ್ಪ ಕೂದಲು ಕೆಳಗೆ ಬಿಟ್ಕೊಂಡು ಬಾಚ್ತಾ ಬರ್ಬೇಕು. ಮೊದಲು ಅಗಲ ಹಲ್ಲು, ಅದು ತಡೆಯಿಲ್ಲದೆ ಹೋದ ಮೇಲೆ ಒತ್ತು ಹಲ್ಲು. ಬೆನ್ನು ಸುಲಭ, ಯಾವ ಬೆಕ್ಕೂ ಬೇಡ ಅನ್ನಲ್ಲ. ಕಿವಿ ಹಿಂದೆ, ಕಂಕುಳು, ತೊಡೆ ಸಂದಿ, ಬಾಲದ ಬುಡ, ಬೆಲ್ಟ್ ಹಾಕಿದ್ರೆ ಕುತ್ತಿಗೆ, ಗಂಟು ಕಟ್ಟೋದು ಇಲ್ಲೇ, ಬೆಕ್ಕು ಕಚ್ಚೋಕೆ ಬರೋದೂ ಇಲ್ಲೇ. ಒಂದೇ ದಿನ ಪೂರ್ತಿ ಮೈ ಮುಗಿಸ್ಲೇಬೇಕು ಅಂತ ಹಠ ಬೇಡ, ಇವತ್ತು ಎಡಗಡೆ ಕಂಕುಳು, ನಾಳೆ ಬಲಗಡೆ, ಬಾಲ ಆಡ್ಸೋಕೆ ಶುರು ಮಾಡ್ತು ಅಂದ್ರೆ ನಿಲ್ಲಿಸಿ ಒಂದು ಚೂರು ಬೇಯಿಸಿದ ಚಿಕನ್ ಕೊಟ್ಟು ಬಿಟ್ಬಿಡಿ.

ಸಣ್ಣ ಗಂಟು ಸಿಕ್ರೆ ಅದರ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಲ್ಲಿ ಉಜ್ಜಿ, ಜಾರು ಬರುತ್ತೆ. ಆಮೇಲೆ ಗಂಟಿನ ಬುಡವನ್ನ, ಅಂದ್ರೆ ಚರ್ಮಕ್ಕೆ ಹತ್ತಿರದ ಭಾಗವನ್ನ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳಿ, ಎಳೆದ್ರೆ ಆ ಎಳೆತ ಚರ್ಮಕ್ಕೆ ಹೋಗಬಾರ್ದು. ಬಾಚಣಿಗೆಯ ಕೊನೆ ಹಲ್ಲಿಂದ ಗಂಟನ್ನ ಉದ್ದಕ್ಕೆ ಸೀಳ್ತಾ ಬನ್ನಿ, ತುದಿಯಿಂದ ಬುಡದ ಕಡೆಗೆ. ಕತ್ತರಿ ಮಾತ್ರ ಹಿಡೀಬೇಡಿ. ಬೆಕ್ಕಿನ ಚರ್ಮ ತೆಳು, ಸಡಿಲ ಬೇರೆ, ಗಂಟನ್ನ ಮೇಲೆತ್ತಿದ ತಕ್ಷಣ ಚರ್ಮವೂ ಅದರ ಜೊತೆ ಡೇರೆ ತರ ಎದ್ದು ಬರುತ್ತೆ, ಕೂದಲಿನ ಒಳಗೆ ಎಲ್ಲಿ ತನಕ ಚರ್ಮ ಅಂತ ಕಾಣಲ್ಲ, ಕಚಕ್ ಅಂದ್ರೆ ಹೊಲಿಗೆ ಹಾಕ್ಸೋಕೆ ಆಸ್ಪತ್ರೆಗೆ ಓಡ್ಬೇಕು. ವೆಟರಿನರಿ ಡಾಕ್ಟರ್‌ಗಳನ್ನ ಕೇಳಿ ನೋಡಿ, ಕತ್ತರಿ ಗಾಯ ನೋಡಿರದೋರು ಯಾರೂ ಇಲ್ಲ.

ಫರ್ಮಿನೇಟರ್ ತರದ ಡಿಶೆಡ್ಡಿಂಗ್ ಟೂಲ್, ಅಂದ್ರೆ ಉದುರೋ ಒಳಗೂದಲನ್ನ ಎಳೆದು ತೆಗೆಯೋ ಬಾಚಣಿಗೆ, ಕೆಲಸ ಮಾಡುತ್ತೆ, ರಾಶಿ ರಾಶಿ ಬರುತ್ತೆ, ನೋಡೋಕೆ ಖುಷಿನೂ ಆಗುತ್ತೆ, ಅದೇ ತೊಂದ್ರೆ. ಖುಷಿ ಅಂತ ದಿನಾ ಎಳೆದ್ರೆ ಮೇಲಿನ ಒಳ್ಳೇ ಕೂದಲೂ ತುಂಡಾಗುತ್ತೆ. ವಾರಕ್ಕೊಂದು ಸಲ, ಹಗುರ ಕೈಯಲ್ಲಿ, ಗಂಟು ಇರೋ ಕಡೆ ಬೇಡವೇ ಬೇಡ.

ಸ್ನಾನದ ಬಗ್ಗೆ ಒಂದೇ ಮಾತು, ಬಾಚದೆ ನೀರು ಹಾಕ್ಬೇಡಿ. ಗಂಟಿಗೆ ನೀರು ಬಿದ್ದು ಒಣಗಿದ್ರೆ ಬಿಗಿಯಾಗಿ ಕೂತ್ಬಿಡುತ್ತೆ, ಆಮೇಲೆ ಬಿಡಿಸೋಕೆ ಆಗಲ್ಲ. ಮತ್ತೆ ಮಳೆಗಾಲದಲ್ಲಿ, ಅದ್ರಲ್ಲೂ ಮಂಗಳೂರು ಉಡುಪಿ ಕಡೆ, ಮೇಲೆ ಒಣಗಿದಂಗೆ ಕಂಡ್ರೂ ಒಳಗೂದಲು ಒದ್ದೆ ಉಳ್ಕೊಂಡು ವಾಸನೆ ಫಂಗಸ್ ಎಲ್ಲ ಶುರು, ಡ್ರೈಯರನ್ನ ಕಮ್ಮಿ ಬಿಸಿಲಿ ಇಟ್ಟು ಬುಡದ ತನಕ ಒಣಗಿಸೋ ತಾಳ್ಮೆ ಇದ್ರೆ ಮಾತ್ರ ಸ್ನಾನ ಮಾಡ್ಸಿ.

ಅರ್ಧಂಬರ್ಧ ಕತ್ತರಿಸೋದು

ನನ್ನ ಕೇಳಿದ್ರೆ ಉದ್ದ ಕೂದಲ ಬೆಕ್ಕಿಗೆ ಅತಿ ಹೆಚ್ಚು ಉಪಯೋಗ ಇರೋದು ಸ್ಯಾನಿಟರಿ ಟ್ರಿಮ್. ಬಾಲದ ಕೆಳಗೆ, ಹಿಂದಿನ ತೊಡೆ ಒಳಭಾಗ, ಪಾದದಡಿಯ ಮೆತ್ತೆಗಳ ಮಧ್ಯದ ಕೂದಲು, ಇಷ್ಟೇ ಗಿಡ್ಡ ಮಾಡೋದು. ಕಕ್ಕ ಅಂಟ್ಕೊಂಡು ಸೋಫಾ ಮೇಲೆ ಬಂದು ಕೂರೋದು, ಬೆಕ್ಕಿನ ಟಾಯ್ಲೆಟ್ ಡಬ್ಬದ ಮಣ್ಣು (ಲಿಟರ್) ಕಾಲಲ್ಲಿ ಮನೆಯೆಲ್ಲ ಓಡಾಡೋದು, ಎರಡೂ ಕಮ್ಮಿ ಆಗುತ್ತೆ. ಐದು ಹತ್ತು ನಿಮಿಷದ ಕೆಲಸ, ಬೆಕ್ಕಿಗೂ ಗಾಬರಿ ಆಗಲ್ಲ. ಶೇವ್ ಮಾಡ್ಸೋಣ ಅಂತ ಬರೋರಲ್ಲಿ ಎಷ್ಟೋ ಜನಕ್ಕೆ ನಿಜವಾಗಿ ಬೇಕಾಗಿರೋದು ಇದೇ. ಹೊಟ್ಟೆ ಭಾಗ ಪದೇ ಪದೇ ಜಡೆಗಟ್ತಿದ್ರೆ ಬೆಲ್ಲಿ ಶೇವ್ ಒಂದನ್ನೇ ಮಾಡಿಸ್ಬಹುದು, ಮೇಲಿಂದ ಗೊತ್ತೂ ಆಗಲ್ಲ. ಆದ್ರೆ ಅದನ್ನ ಗೊತ್ತಿರೋರ ಕೈಲೇ ಮಾಡಿಸಿ, ಹೊಟ್ಟೆಲಿ ಮೊಲೆತೊಟ್ಟು ಕೂದಲೊಳಗೆ ಮುಚ್ಚಿರುತ್ತೆ, ಗಂಡು ಬೆಕ್ಕಿಗೂ ಇರುತ್ತೆ ರೀ, ಬ್ಲೇಡ್ ತಾಗಿದ್ರೆ ಪಾಪ.

ಪೂರ್ತಿ ಬೋಳಿಸ್ದೆ ಒಂದಿಂಚೋ ಅರ್ಧ ಇಂಚೋ ಉಳಿಸಿ ಟ್ರಿಮ್ ಮಾಡೋದೂ ಇದೆ, ಟ್ರಿಮ್ಮರ್‌ಗೆ ಪ್ಲಾಸ್ಟಿಕ್ ಗಾರ್ಡ್ ಹಾಕಿ. ಬಾಚೋ ಕೆಲಸ ಅರ್ಧಕ್ಕೆ ಇಳಿಯುತ್ತೆ, ಚರ್ಮಕ್ಕೂ ಮರೆ ಇರುತ್ತೆ. ಆದ್ರೆ ಗಂಟು ಇದ್ರೆ ಗಾರ್ಡ್ ಒಳಗೆ ಹೋಗೋದೇ ಇಲ್ಲ, ಅಂದ್ರೆ ಮೊದಲು ಬಾಚಿರ್ಬೇಕು, ಅಂದ್ರೆ ಮತ್ತೆ ಬಾಚಣಿಗೆ ಹತ್ರಾನೇ ಬಂದ್ವಿ.

ಲಯನ್ ಕಟ್ ಮತ್ತೆ ಫುಲ್ ಶೇವ್

ಲಯನ್ ಕಟ್ ಅಂದ್ರೆ ಮೈ ಪೂರ್ತಿ ಬೋಳು, ತಲೆ ಸುತ್ತ ಕೇಸರ, ಕಾಲಿಗೆ ಬೂಟು, ಬಾಲದ ತುದಿಗೆ ಕುಚ್ಚು. ಫೋಟೋಗೆ ಚೆನ್ನಾಗಿರುತ್ತೆ. ಯಾರಿಗೆ ಸರಿ ಅಂದ್ರೆ, ವಯಸ್ಸಾಗಿ ಕೀಲುನೋವಿಂದ ಬೆನ್ನು ಬಗ್ಗಿಸಿ ನೆಕ್ಕೋಕೆ ಆಗದ ಬೆಕ್ಕು, ದಪ್ಪ ಆಗಿ ಸೊಂಟದ ತನಕ ನಾಲಿಗೆ ಎಟುಕದ ಬೆಕ್ಕು, ಬಾಚಣಿಗೆ ಕಂಡ್ರೆ ರಕ್ತ ಬರೋ ಹಾಗೆ ಪರಚೋ ಬೆಕ್ಕು. ಅದ್ರಲ್ಲೂ ಎಲ್ಲಿಂದಲೋ ರೆಸ್ಕ್ಯೂ ಮಾಡ್ಕೊಂಡು ಬಂದ ಪರ್ಷಿಯನ್‌ಗಳು, ಸಾಕೋಕಾಗದೆ ಬೀದಿಗೆ ಬಿಟ್ಟಿರ್ತಾರೆ, ಮೈಮೇಲೆ ಕೂದಲೆಲ್ಲ ಒಂದೇ ಹಾಳೆ ಆಗಿ ಮೆಟ್ಟಿನ ತರ ಗಟ್ಟಿಯಾಗಿರುತ್ತೆ, ಕೆಳಗೆ ಚಿಗಟ, ಹುಣ್ಣು, ಕೀವು ಏನೇನಿದೆ ಅಂತಾನೇ ಗೊತ್ತಾಗಲ್ಲ. ಅಂಥದಕ್ಕೆ ಬಾಚ್ತೀನಿ ಅಂತ ಕೂರೋದೇ ಕ್ರೌರ್ಯ, ಶೇವ್ ಮಾಡಿದ ಮೇಲೆ ಅದು ನಡೆಯೋ ನಡಿಗೆನೇ ಬೇರೆ ಆಗುತ್ತೆ.

ಆದ್ರೆ ಸೆಡೇಶನ್ ವಿಷಯ ಇದೆಯಲ್ಲ, ಇಲ್ಲಿ ಹುಷಾರು. ಜಡೆಗಟ್ಟಿದ ಬೆಕ್ಕನ್ನ ಎಚ್ಚರದಲ್ಲೇ ಶೇವ್ ಮಾಡೋದು ಕಷ್ಟ, ಮಂಪರು ಬರೋ ಇಂಜೆಕ್ಷನ್ ಬೇಕಾಗುತ್ತೆ, ಅದು ಡಾಕ್ಟರ್ ಮಾತ್ರ ಕೊಡ್ಬೇಕು. ಪಂಚ್ ಫೇಸ್ ಬೆಕ್ಕಿಗೆ ಮೂಗು ಒಳಗೆ ಹೋಗಿರೋದ್ರಿಂದ ಉಸಿರಾಟ ಮೊದಲೇ ಕಷ್ಟ. ಪರ್ಷಿಯನ್‌ಗಳಲ್ಲಿ ಪಾಲಿಸಿಸ್ಟಿಕ್ ಕಿಡ್ನಿ ಅನ್ನೋ ವಂಶಪಾರಂಪರ್ಯ ಕಾಯಿಲೆ ಜಾಸ್ತಿ, ಮೇನ್ ಕೂನ್‌ಗಳಲ್ಲಿ ಹೃದಯದ ಸ್ನಾಯು ದಪ್ಪ ಆಗೋ ಕಾಯಿಲೆ ಜಾಸ್ತಿ. ಹಾಗಾಗಿ ವಯಸ್ಸಾದ ಬೆಕ್ಕಾದ್ರೆ ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ಮುಂದುವರೀರಿ, ಎಷ್ಟು ಹೊತ್ತು ಊಟ ನಿಲ್ಲಿಸ್ಬೇಕು ಅಂತ ಡಾಕ್ಟರನ್ನೇ ಕೇಳಿ. ಇದೆಲ್ಲ ಸೇರಿದ್ರೆ ಖರ್ಚು ಸಾವಿರಗಳಲ್ಲೇ, ಹೆಬ್ಬಾಳದ ವೆಟರಿನರಿ ಕಾಲೇಜು ಆಸ್ಪತ್ರೆಲೂ ಒಮ್ಮೆ ವಿಚಾರಿಸಿ ನೋಡಬಹುದು. ಮನೆಗೆ ಬಂದು ಮಾಡ್ತೀವಿ, ನಿದ್ದೆ ಮಾತ್ರೆ ನಾವೇ ಕೊಡ್ತೀವಿ ಅನ್ನೋ ಗ್ರೂಮರ್ (ಬೆಕ್ಕು ನಾಯಿಗಳ ಕೂದಲು ಕತ್ತರಿಸೋರು) ಬಂದ್ರೆ ಬಾಗಿಲಿಂದಲೇ ವಾಪಸ್ ಕಳಿಸಿ.

ಕೂದಲು ವಾಪಸ್ ಬರೋಕೆ ನಾಲ್ಕರಿಂದ ಆರು ತಿಂಗಳು, ದಟ್ಟ ಕೋಟ್ ಆದ್ರೆ ಇನ್ನೂ ಜಾಸ್ತಿ. ಹಿಮಾಲಯನ್, ಅಂದ್ರೆ ಸಯಾಮೀಸ್ ಬಣ್ಣದ ಪರ್ಷಿಯನ್ ಇದ್ರೆ ಇನ್ನೊಂದು ತಮಾಷೆ, ಇವುಗಳಲ್ಲಿ ಬಣ್ಣ ಬರೋದು ಚರ್ಮದ ತಂಪಿನ ಮೇಲೆ, ಅದಕ್ಕೇ ಕಿವಿ ಮೂಗು ಬಾಲ ಕಪ್ಪು, ಮೈ ಬಿಳುಪು. ಬೋಳಿಸಿದ್ರೆ ಮೈ ತಂಪಾಗಿ ಹೊಸ ಕೂದಲು ಗಾಢ ಬಣ್ಣಕ್ಕೆ ಬರ್ಬಹುದು, ಮುಂದಿನ ಸಲ ಕೂದಲು ಬದಲಾಗೋ ತನಕ ಹಾಗೇ ಇರುತ್ತೆ. ಗಾಬರಿ ಬೀಳ್ಬೇಡಿ, ಗ್ರೂಮರ್ ಜೊತೆ ಜಗಳಕ್ಕೂ ಹೋಗ್ಬೇಡಿ.

ಮನೇಲಿ ಎರಡು ಬೆಕ್ಕಿದ್ರೆ ಒಂದು ವಿಷಯ, ಶೇವ್ ಆಗಿ ಬಂದದ್ದರ ವಾಸನೆ ಬೇರೆ ಆಗಿರುತ್ತೆ, ಇನ್ನೊಂದು ಅದನ್ನ ಗುರುತೇ ಹಿಡಿಯದೆ ಬುಸ್ ಅನ್ನುತ್ತೆ. ಒಂದು ದಿನ ಬೇರೆ ರೂಮಲ್ಲಿಟ್ಟು ಆಮೇಲೆ ಸೇರಿಸಿ.

ಸೆಕೆ ಆಗುತ್ತಲ್ಲ, ಅಲರ್ಜಿ ಇದೆಯಲ್ಲ ಅಂದ್ರೆ

ಸೆಕೆಗೆ ಅಂತ ಶೇವ್ ಮಾಡಿಸೋರು ಜಾಸ್ತಿ, ಸಮ್ಮರ್ ಕಟ್ ಅಂತ ಅಂಗಡಿಯೋರೇ ಬೋರ್ಡ್ ಹಾಕಿರ್ತಾರೆ. ಬೆಕ್ಕು ಬೆವರೋದು ಪಾದದಡಿಯ ಮೆತ್ತೆಲಿ ಮಾತ್ರ, ಮೈ ತಂಪು ಮಾಡ್ಕೊಳ್ಳೋದು ನೆಕ್ಕಿ, ಆ ಎಂಜಲು ಕೂದಲ ಮೇಲೆ ಆರುವಾಗ ತಂಪಾಗುತ್ತೆ. ಜಡೆಗಟ್ಟಿದ ಕೋಟಲ್ಲಿ ಗಾಳಿ ಆಡಲ್ಲ, ಅದು ನಿಜ, ಆದ್ರೆ ಸತ್ತ ಒಳಗೂದಲನ್ನ ಬಾಚಿ ತೆಗೆದ್ರೆ ಗಾಳಿ ಆಡುತ್ತೆ, ಮೇಲಿನ ಕೂದಲು ಬಿಸಿಲಿಗೆ ಅಡ್ಡನೂ ಆಗುತ್ತೆ. ಬೋಳು ಮೈ ಬೆಕ್ಕು ಕಿಟಕಿ ಬಿಸಿಲಲ್ಲಿ ಮಲಗಿದ್ರೆ ಚರ್ಮ ಸುಡುತ್ತೆ, ಬಿಳೀ ಬೆಕ್ಕಾದ್ರೆ ಇನ್ನೂ ಬೇಗ. ಕಲಬುರಗಿ ರಾಯಚೂರು ಕಡೆ 42 ಡಿಗ್ರಿ ದಾಟೋ ಊರಲ್ಲಿರೋರಿಗೆ ನಾನು ಹೇಳೋದು, ಶೇವ್ ದುಡ್ಡಲ್ಲಿ ಒಂದು ಟೇಬಲ್ ಫ್ಯಾನ್ ತಗೊಳ್ಳಿ, ನೆಲ ತಂಪಿರೋ ರೂಮ್ ಬಿಟ್ಕೊಡಿ, ಎರಡು ಮೂರು ಕಡೆ ನೀರಿಡಿ. ಬಾಯಿ ತೆರೆದು ನಾಯಿ ತರ ಏದುಸಿರು ಬಿಡ್ತಿದ್ರೆ, ಜೊಲ್ಲು ಸುರೀತಿದ್ರೆ ಅದು ಕಟಿಂಗ್ ಸಮಸ್ಯೆ ಅಲ್ಲ, ಒದ್ದೆ ಟವೆಲ್ ಹಾಕ್ಕೊಂಡು ನೇರ ಡಾಕ್ಟರ್ ಹತ್ರ ಹೋಗಿ, ಚಪ್ಪಟೆ ಮುಖದ ಬೆಕ್ಕುಗಳಿಗೆ ಹೀಟ್ ಸ್ಟ್ರೋಕ್ ಬೇಗ ಆಗುತ್ತೆ.

ಅಲರ್ಜಿಗಂತೂ ಶೇವ್‌ನ ನಂಬ್ಕೋಬೇಡಿ. ಸೀನು ತರಿಸೋದು ಕೂದಲಲ್ಲ, ಬೆಕ್ಕಿನ ಎಂಜಲಲ್ಲಿ ಮತ್ತೆ ಚರ್ಮದ ಎಣ್ಣೆ ಗ್ರಂಥಿಲಿ ಇರೋ ಫೆಲ್ ಡಿ 1 ಅನ್ನೋ ಪ್ರೋಟೀನು. ಬೋಳು ಬೆಕ್ಕೂ ಮೈ ನೆಕ್ಕುತ್ತೆ, ಅದರ ಚರ್ಮದ ಹೊಟ್ಟೂ ಗಾಳಿಲಿ ಹಾರುತ್ತೆ.

ಇದು ಮಾಮೂಲಿ ಉದುರೋದಾ, ಕಾಯಿಲೆನಾ

ಬಾಚೋಕೂ ಮುಂಚೆ, ಬೋಳಿಸೋಕೂ ಮುಂಚೆ ಇದನ್ನ ನೋಡ್ಕೊಳ್ಳಿ. ಎಲ್ಲ ಕಡೆ ಒಂದೇ ಸಮ ಉದುರ್ತಿದ್ರೆ, ಕೆಳಗೆ ಚರ್ಮ ಕಾಣ್ತಿಲ್ಲ ಅಂದ್ರೆ ಮಾಮೂಲಿ. ದುಂಡಗೆ ಬಿಲ್ಲೆ ತರ ಬೋಳಾಗಿ ಸಿಪ್ಪೆ ಏಳ್ತಿದ್ರೆ ಹುಳುಕಡ್ಡಿ ಇರ್ಬಹುದು, ಪರ್ಷಿಯನ್‌ಗಳಿಗೆ ಇದು ತುಂಬಾ ಕಾಮನ್, ಮನುಷ್ಯರಿಗೂ ಹತ್ತುತ್ತೆ, ಮಕ್ಕಳ ಕೈಮೇಲೆ ಕೆಂಪು ಉಂಗುರ ಕಾಣಿಸ್ಕೊಂಡ್ರೆ ಬೆಕ್ಕನ್ನೂ ತೋರಿಸಿ. ಸಲೂನಲ್ಲಿ ಸರಿಯಾಗಿ ಕ್ಲೀನ್ ಮಾಡದ ಬ್ಲೇಡು ಬಾಚಣಿಗೆಯಿಂದಲೂ ಹರಡುತ್ತೆ. ಹೊಟ್ಟೆ, ತೊಡೆ ಒಳಗೆ ಮಾತ್ರ ನೆಕ್ಕಿ ನೆಕ್ಕಿ ಬೋಳು ಮಾಡ್ಕೊಂಡಿದ್ರೆ ತುರಿಕೆ, ಅಲರ್ಜಿ, ಇಲ್ಲಾ ಒತ್ತಡ. ವಯಸ್ಸಾದ ಬೆಕ್ಕು ಚೆನ್ನಾಗಿ ತಿಂದ್ರೂ ಸಣ್ಣ ಆಗ್ತಾ ಕೂದಲು ಕೆದರಿಕೊಂಡಿದ್ರೆ ಥೈರಾಯ್ಡ್ ಟೆಸ್ಟ್ ಮಾಡಿಸಿ. ಚಿಗಟ ಕಂಡ್ರೆ ನಾಯಿಗೆ ತಂದಿಟ್ಟ ಔಷಧಿ ಬೆಕ್ಕಿಗೆ ಹಾಕ್ಬೇಡಿ, ಅದರಲ್ಲಿ ಪರ್ಮೆಥ್ರಿನ್ ಇದ್ರೆ ಬೆಕ್ಕು ಸತ್ತೇ ಹೋಗ್ಬಹುದು.

ಊಟ ಇನ್ನೊಂದು. ಬೆಕ್ಕು ಮಾಂಸಾಹಾರಿ, ನಾವು ಸಸ್ಯಾಹಾರಿ ಅಂತ ಅದಕ್ಕೆ ಹಾಲು ಮೊಸರನ್ನ ಹಾಕಿ ಸಾಕಿದ್ರೆ ಕೂದಲು ಒರಟಾಗಿ, ಮಂಕಾಗಿ ಉದುರ್ತಾನೇ ಇರುತ್ತೆ, ಕೂದಲಂದ್ರೆ ಹೆಚ್ಚುಕಮ್ಮಿ ಪೂರ್ತಿ ಪ್ರೋಟೀನೇ, ಅದು ಅನ್ನದಿಂದ ಬರಲ್ಲ. ಅಡುಗೆಮನೆಲಿ ಮೀನು ಕೋಳಿ ಆಗಲ್ಲ ಅನ್ನೋರು ಒಳ್ಳೇ ಪ್ಯಾಕೆಟ್ ಊಟ ಹಾಕಿ, ಮೀನೆಣ್ಣೆ ಕೊಡೋದಾದ್ರೆ ತೂಕ ನೋಡಿ ಎಷ್ಟು ಅಂತ ಡಾಕ್ಟರ್ ಹೇಳ್ತಾರೆ. ಊಟ ಬದಲಾಯಿಸಿದ ಪರಿಣಾಮ ಕಾಣೋಕೆ ಒಂದೆರಡು ತಿಂಗಳು ಬೇಕು.

ಇಷ್ಟಾದ್ರೂ ಶೇವ್ ಮಾಡ್ಸೋದೇ ಅಂತ ನಿರ್ಧಾರ ಮಾಡಿದ್ರೆ

ಗ್ರೂಮರ್ ಹತ್ರ ಕೇಳಿ, ಯಾವ ಬ್ಲೇಡ್ ಹಾಕ್ತೀರ ಅಂತ. 10 ನಂಬರ್ ಅಂದ್ರೆ ಸರಿ, ಚರ್ಮ ಅದಕ್ಕೆ ಸಿಕ್ಕಿಹಾಕ್ಕೊಳ್ಳೋದು ಕಮ್ಮಿ. ಒಂದು ಬೆಕ್ಕಿಂದ ಇನ್ನೊಂದಕ್ಕೆ ಬ್ಲೇಡ್ ಯಾತರಲ್ಲಿ ಕ್ಲೀನ್ ಮಾಡ್ತೀರ ಅಂತ ಕೇಳಿ. ಮಧ್ಯದಲ್ಲಿ ಬ್ಲೇಡ್ ಮುಟ್ಟಿ ನೋಡ್ತಾರಾ ಗಮನಿಸಿ, ಓಡ್ತಾ ಓಡ್ತಾ ಕಾದು ಹೋಗುತ್ತೆ, ಗೊತ್ತಿರೋರು ಆಗಾಗ ಮಣಿಕಟ್ಟಿಗೆ ತಾಗಿಸಿ ನೋಡಿ ಬದಲಾಯಿಸ್ತಾರೆ, ಗೊತ್ತಿಲ್ಲದೋರು ಹಾಗೇ ಓಡಿಸ್ತಾರೆ, ಮಾರನೇ ದಿನ ಹೊಟ್ಟೆ ಮೇಲೆ ಕೆಂಪು ಬರೆ ಎದ್ದಿರುತ್ತೆ. ಮೀಸೆ ಮುಟ್ಟಬೇಡಿ ಅಂತ ಬಾಯಿಬಿಟ್ಟು ಹೇಳಿ, ಕತ್ತರಿಸಿರೋ ಮಹಾನುಭಾವರೂ ಇದ್ದಾರೆ.

ಮನೆಗೆ ಬಂದ ಮೇಲೆ ಎರಡು ದಿನ ಮಂಚದ ಕೆಳಗೆ ಕೂತ್ರೆ ಬಿಟ್ಬಿಡಿ, ಊಟ ಅಲ್ಲಿಗೇ ತಳ್ಳಿ, ಆದ್ರೆ ಒಂದು ಇಡೀ ದಿನ ಏನೂ ತಿನ್ಲಿಲ್ಲ ಅಂದ್ರೆ ಡಾಕ್ಟರ್‌ಗೆ ಫೋನ್ ಮಾಡಿ. ಏಸಿ ರೂಮಲ್ಲಿ ಹೊದ್ಕೊಳ್ಳೋಕೆ ಒಂದು ಹಳೇ ಕಾಟನ್ ಸೀರೆ ಮಡಚಿ ಹಾಕಿ. ಕೆಂಪಾದ ಕಡೆ ಬೋರೋಲಿನ್, ಕೊಬ್ಬರಿಎಣ್ಣೆ, ಟೀ ಟ್ರೀ ಆಯಿಲ್ ಅಂತ ಏನೇನೋ ಹಚ್ಬೇಡಿ, ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೆ ಹೋಗುತ್ತೆ, ಟೀ ಟ್ರೀ ಅಂತೂ ಬೆಕ್ಕಿಗೆ ವಿಷ. ಕೂದಲು ಬೇಗ ಬರ್ತಿಲ್ಲ ಅಂತ ಮನೆ ಯಜಮಾನರ ತಲೆಗೆ ತಂದಿರೋ ಮಿನಾಕ್ಸಿಡಿಲ್ ಹಚ್ಚೋ ಐಡಿಯಾ ಯಾರಿಗಾದ್ರೂ ಬಂದ್ರೆ ಅಲ್ಲೇ ಬಿಡಿ, ಅದರ ಒಂದೆರಡು ಹನಿ ನೆಕ್ಕಿದ್ರೂ ಬೆಕ್ಕಿನ ಜೀವಕ್ಕೆ ಅಪಾಯ. ಯಜಮಾನರು ಹಚ್ಕೊಂಡು ಮಲಗೋ ದಿಂಬಿನ ಮೇಲೂ ಬೆಕ್ಕನ್ನ ಮಲಗಿಸ್ಬೇಡಿ.